ಕೈಗೆ ಸಿಗದ ರೋಗಿ

ಕೆಲವರು ಸೂಜಿಗೆ ಹೆದರುತ್ತಾರೆ, ಕೆಲವರು ರಕ್ತಕ್ಕೆ. ನಾನು ಹೆದರುವುದು ಡಾಕ್ಟರರ ‘ಎಲ್ಲಿ, ಒಂದು ಸಲ ನೋಡೋಣ’ ಎಂಬ ಮಾತಿಗೆ. ನೋಡಿದ ಮೇಲೆ ಅವರಿಗೆ ಏನಾದರೂ ಕಂಡೇ ಕಾಣುತ್ತದೆ. ಆದ್ದರಿಂದ ಅವರ ಕಣ್ಣಿಗೆ ಬೀಳದೆ ಇರುವುದೇ ಆರೋಗ್ಯ ಎಂದು ನಂಬಿ ಒಂದು ವರ್ಷ ಬದುಕಿದೆ. ಆ ನಂಬಿಕೆ ಸೂರತ್ತಿನಲ್ಲಿ, ಒಂದು ಭಾನುವಾರ ಮಧ್ಯಾಹ್ನ, ಸಾಂಬಾರಿನ ಪಾತ್ರೆಯ ಪಕ್ಕದಲ್ಲಿ ಮುರಿದುಬಿತ್ತು. ನಡೆದದ್ದನ್ನು ನಡೆದ ಕ್ರಮದಲ್ಲಿಯೇ, ನಿಧಾನವಾಗಿ ಹೇಳುತ್ತೇನೆ.

ಆಗ ನಾನು ಅಹಮದಾಬಾದಿನ ಚಾಂದ್‌ಖೇಡಾದ ಕಚೇರಿಯಲ್ಲಿದ್ದೆ. ಬೇರೆಯವರು ಅಳೆದು ಬರೆದ ಅಂಕಿಗಳನ್ನು ಕೂಡಿ, ಸರಿಯಿದೆಯೇ ಎಂದು ನೋಡುವುದು ನನ್ನ ಕೆಲಸ. ಅಲ್ಲಿರುವಾಗಲೇ ಹರ್ನಿಯಾ ಆಪರೇಷನ್ ಆಯಿತು. ಆ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ ಶ್ವೇತಾ ಎಂಬ ಹುಡುಗಿ ಇದ್ದಳು. ತಂದೆ ನಮ್ಮ ಉಡುಪಿ ಕಡೆಯವರು, ಅವಳು ಬೆಳೆದದ್ದು ಮಾತ್ರ ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಯ ಫ್ಲ್ಯಾಟಿನಲ್ಲಿ. ಅವಳ ಕನ್ನಡ ನನ್ನ ಹಳೆಯ ಸ್ಕೂಟರಿನ ಹಾಗೆ, ಎರಡು ಸಲ ಒದ್ದ ಮೇಲೆ ಹೊರಡುತ್ತಿತ್ತು. ಹರ್ನಿಯಾಕ್ಕೆ ಒಳಗೆ ಒಂದು ಜಾಲರಿ ಇಟ್ಟು ಹೊಲಿಯುತ್ತಾರಲ್ಲ, ಅದನ್ನು ಹೇಗೆ ಹೊಲಿದರೆ ಮುಂದೆ ನೋವು ಕಡಿಮೆ ಎಂಬುದು ಅವಳ ಸಂಶೋಧನೆ. “ಒನ್ ಇಯರ್ ಆದ್ಮೇಲೆ ಬರಬೇಕು ಅಂಕಲ್. ಎಲ್ಲಾ ಪೇಷಂಟ್ ನಾನೇ ನೋಡೋದು” ಎಂದಳು. ಬರುತ್ತೇನೆ ಎಂದು ಮಾತು ಕೊಟ್ಟೆ.

ಅಷ್ಟರಲ್ಲಿ ನನಗೆ ವಡೋದರಾಕ್ಕೆ ವರ್ಗವಾಯಿತು. ಅಲ್ಲಿ ನೋವು ಶುರುವಾಯಿತು. ನೋವೆಂದರೆ ಮತ್ತೆ ಹೊಟ್ಟೆ ಕೊಯ್ಯುತ್ತಾರೆ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಪರೀಕ್ಷೆಗೆ ಬನ್ನಿ ಎಂಬ ಶ್ವೇತಾಳ ಕಾರ್ಡುಗಳು ಹಳೆಯ ವಿಳಾಸ ಸುತ್ತಿ ಬಂದವು. ಉತ್ತರಿಸಲಿಲ್ಲ. ಅವಳು ನನ್ನ ಹಳೆಯ ಕಚೇರಿಯಿಂದ ನಂಬರು ಹುಡುಕಿ ಫೋನ್ ಮಾಡಿದಾಗ ನಾನು ದೂರದಿಂದಲೇ ಇಲ್ಲವೆಂದು ಕೈ ಆಡಿಸಿದೆ. ನನ್ನ ಹೆಂಡತಿ ಸುಮತಿ ರಿಸೀವರಿಗೆ ಅಂಗೈ ಮುಚ್ಚಿ, “ಊರಿಗೆ ಹೋಗಿದ್ದಾರೆ ಅಂತ ಹೇಳುದಾ, ಇಲ್ಲೇ ಸೋಫಾದ ಹಿಂದೆ ನಿಂತಿದ್ದಾರೆ ಅಂತ ಹೇಳುದಾ?” ಎಂದು ಕೇಳಿದಳು. ನಿಂತಲ್ಲಿಂದಲೇ ಊರಿಗೆ ಹೋದೆ.

ಸುಮತಿಯ ತಮ್ಮ ವಾಸುವಿಗೆ ಸೂರತ್ತಿನಲ್ಲಿ ಹೋಟೆಲು. ನಾವು ಅಲ್ಲಿಗೆ ಹೋಗಿದ್ದ ವಾರ ಸರ್ಜನ್ನರ ಸಮ್ಮೇಳನವಿತ್ತು, ಮಧ್ಯಾಹ್ನದ ಊಟ ವಾಸುವಿನದು. “ಭಾವ, ನಿಮ್ಮ ಹಾಗೆ ಊಟದ ಕೂಪನ್ ನೋಡುವವರು ನಂಗೆ ಸಿಕ್ಲಿಕ್ಕಿಲ್ಲ” ಎಂದು ಹೊಗಳಿ ಕರೆದುಕೊಂಡು ಹೋದ. ಊಟಕ್ಕೆ ಇನ್ನೂ ಹೊತ್ತಿತ್ತು. ಸೆಖೆ ತಡೆಯದೆ ನಾನು ಎ.ಸಿ. ಇದ್ದ ಸಭಾಂಗಣಕ್ಕೆ ನುಗ್ಗಿ, ಹಿಂದಿನಿಂದ ಮೂರನೇ ಸಾಲಿನಲ್ಲಿ ಕುಳಿತೆ.

ಅಲ್ಲಿ ನಡೆಯುತ್ತಿದ್ದದ್ದು ಬಹುಮಾನದ ಸ್ಪರ್ಧೆ. ಎಳೆಯ ಡಾಕ್ಟರುಗಳು ಒಬ್ಬೊಬ್ಬರಾಗಿ ಬಂದು ತಮ್ಮ ಸಂಶೋಧನೆ ಓದುತ್ತಿದ್ದರು. ಕೆಂಪು ದೀಪ ಹತ್ತಿದರೆ ಅರ್ಧ ವಾಕ್ಯದಲ್ಲೇ ನಿಲ್ಲಿಸಬೇಕು. ಮುಂದೆ ಮೂವರು ತೀರ್ಪುಗಾರರು. ಪರದೆಯ ಮೇಲೆ ಮನುಷ್ಯನ ಒಳಗಿನದೆಲ್ಲ ಬರುತ್ತಿತ್ತು. ನಾನು ಹೆಚ್ಚಾಗಿ ನೆಲ ನೋಡುತ್ತಿದ್ದೆ. ಆದರೂ ಕಿವಿ ಕೇಳುತ್ತಿತ್ತು. ವಡೋದರಾದ ಒಬ್ಬ ಹುಡುಗ ಸುಟ್ಟಗಾಯದ ರೋಗಿಗಳ ಬಗ್ಗೆ ಓದಿದ. ಆಸ್ಪತ್ರೆಗೆ ಬರಲಾಗದವರ ಮನೆಗಳಿಗೆ ಬಸ್ಸಿನಲ್ಲಿ ಹೋಗಿ, ಒಬ್ಬರನ್ನೂ ಬಿಡದೆ ನೋಡಿ ಬಂದಿದ್ದ. ಅವನ ವಯಸ್ಸಿನಲ್ಲಿ ನಾನು ಬಸ್ಸು ಹತ್ತುತ್ತಿದ್ದದ್ದು ಸಿನಿಮಾಕ್ಕೆ.

ಆಮೇಲೆ ಶ್ವೇತಾಳ ಹೆಸರು ಕರೆದರು. ನಾನು ಕುರ್ಚಿಯಲ್ಲಿ ನಾಲ್ಕು ಬೆರಳು ಕೆಳಗೆ ಜಾರಿದೆ.

ಅವಳು ಚೆನ್ನಾಗಿ ಓದಿದಳು. ಇಂಗ್ಲಿಷಿನಲ್ಲಿ ಅವಳ ಸ್ಕೂಟರು ಒದೆಯದೆಯೇ ಹೊರಟಿತ್ತು. ಕೊನೆಗೆ ಪರದೆಯ ಮೇಲೆ ಒಂದು ಸಾಲು ಬಂತು: ಒಬ್ಬ ರೋಗಿ ಸಿಗಲಿಲ್ಲ. ಅದನ್ನು ಅವಳು ಸಣ್ಣಕ್ಷರದಲ್ಲಿ ಹಾಕಿ ಮುಗಿಸಬಹುದಿತ್ತು. ಉಳಿದ ಸಾಲುಗಳಷ್ಟೇ ದೊಡ್ಡದಾಗಿ ಹಾಕಿದ್ದಳು. ಬಿಳಿ ಮೀಸೆಯ ತೀರ್ಪುಗಾರರೊಬ್ಬರು, “ಗುಣವಾದವರು ಯಾರೂ ಡಾಕ್ಟರರ ಬಳಿ ಬರುವುದಿಲ್ಲ. ಅವನೂ ಚೆನ್ನಾಗಿದ್ದಾನೆ ಎಂದು ಇಟ್ಟುಕೊಳ್ಳಬಹುದಿತ್ತಲ್ಲ?” ಎಂದರು. ಶ್ವೇತಾ ಹೇಳಿದಳು: “ಇರಬಹುದು ಸರ್. ನೋವಿದ್ದೂ ಮನೆಯಲ್ಲೇ ಕುಳಿತಿರಬಹುದು. ನನಗೆ ಗೊತ್ತಿಲ್ಲ. ಅದಕ್ಕೆ ಅವರನ್ನು ನೋವಿರುವವರ ಜೊತೆ ಎಣಿಸಿದ್ದೇನೆ. ಅದರಿಂದ ನನ್ನ ಫಲಿತಾಂಶ ಸ್ವಲ್ಪ ಕೆಟ್ಟಿತು.”

ಸಭೆಯಲ್ಲಿ ಯಾರೋ ‘ಅಚ್ಛಾ’ ಎಂದರು. ಅವಳ ಊಹೆ ಸರಿ ಎಂದು ಅಲ್ಲಿ ಖಚಿತವಾಗಿ ತಿಳಿದಿದ್ದವನು ನಾನೊಬ್ಬನೇ. ಎದ್ದು ನಿಂತು ಹೇಳಬೇಕೆನ್ನಿಸಿತು. ಕುರ್ಚಿಯಲ್ಲಿ ಇನ್ನೆರಡು ಬೆರಳು ಜಾರಿದೆ. ಬಾಗಿಲಲ್ಲಿ ವಾಸುವಿನ ತಲೆ ಕಂಡಿತು. “ಎಂತ ಭಾವ, ನೀವು ಯಾವಾಗ ಡಾಕ್ಟರಾದ್ದು? ಅಲ್ಲಿ ಕೂಪನ್ ಯಾರು ನೋಡುದು?” ಎಂದು ನನ್ನನ್ನು ಎಬ್ಬಿಸಿಕೊಂಡು ಹೋದ.

ಊಟದ ಸಾಲಿನಲ್ಲಿ ಬಿಳಿ ಮೀಸೆಯವರು ಬಂದರು. ಅವರ ಹಿಂದೆಯೇ ಶ್ವೇತಾ. ಕೂಪನ್ ಚಾಚಿದ ಅವಳ ಕೈ ಹಾಗೆಯೇ ನಿಂತಿತು.

“ಅಂಕಲ್,” ಎಂದಳು ಮೆಲ್ಲಗೆ. “ನೀವು ಕಳೆದು ಹೋಗಿದ್ರಿ.”

ಬಿಳಿ ಮೀಸೆಯವರು ತಿರುಗಿ ಯಾರಿವರು ಎಂದರು. ಸಿಗದೆ ಹೋದ ರೋಗಿ ಇವರೇ ಎಂದು ಹೇಳಿದಳು. ಅವರು ತಟ್ಟೆಯನ್ನು ಮೇಜಿನ ಮೇಲಿಟ್ಟು ಹಿಂದಿಯಲ್ಲಿ, “ತೀರ್ಪು ಊಟವಾದ ಮೇಲೆ. ಹೇಳಿಬಿಡಿ, ಚೆನ್ನಾಗಿದ್ದೀರೋ, ನೋವಿದೆಯೋ?” ಎಂದು ಕೇಳಿದರು.

ಚೆನ್ನಾಗಿದ್ದೇನೆ ಎಂದರೆ ಅವಳ ಫಲಿತಾಂಶ ಮೇಲೇರುತ್ತಿತ್ತು, ಬಹುಶಃ ಚಿನ್ನದ ಪದಕವೂ ಬರುತ್ತಿತ್ತು. ವರ್ಷದಿಂದ ಎಲ್ಲರಿಗೂ ಹೇಳಿ ನಾಲಿಗೆಗೆ ರೂಢಿಯಾಗಿದ್ದ ಮಾತು ಅದು. ಅಷ್ಟರಲ್ಲಿ ಶ್ವೇತಾ ಬ್ಯಾಗಿನಿಂದ ಪೆನ್ನು ತೆಗೆದಳು. ನನ್ನ ಮುಖ ನೋಡಲಿಲ್ಲ, ಕಣ್ಣಿನಲ್ಲಿ ಏನನ್ನೂ ಸೂಚಿಸಲಿಲ್ಲ. ಕೂಪನ್ನಿನ ಹಿಂಬದಿಯಲ್ಲಿ, ನಾನು ಏನು ಹೇಳಿದರೂ ಅದನ್ನೇ ಬರೆಯಲು ಸಿದ್ಧವಾಗಿ ನಿಂತಳು. ಆ ಪೆನ್ನಿನ ಮುಂದೆ ನನಗೆ ಸುಳ್ಳು ಹೇಳಲಾಗಲಿಲ್ಲ.

“ನೋವಿದೆ,” ಎಂದೆ. ಹೊರಟದ್ದನ್ನು ಅರ್ಧಕ್ಕೆ ಬಿಡುವ ಅಭ್ಯಾಸ ನನಗಿಲ್ಲ. ಮೆಟ್ಟಿಲು ಹತ್ತುವಾಗ ಏಳನೆಯದರಿಂದ ಶುರು, ಹದಿಮೂರನೆಯದರಲ್ಲಿ ಜಾಸ್ತಿ, ಕೆಮ್ಮಿದರೆ ಬಟ್ಟೆಗೆ ಹಾಕುವ ಕ್ಲಿಪ್ಪು ಕಚ್ಚಿದಂತೆ, ಎಡಕ್ಕೆ ಹೊರಳಿದರೆ ಇಲ್ಲ, ಬಲಕ್ಕಾದರೆ ಇದೆ, ಎಂದು ವಿವರಿಸಿದೆ. ಹಿಂದೆ ಸಾಲು ನಿಂತುಹೋಯಿತು. ಸಾಲಿನಲ್ಲಿದ್ದವರೆಲ್ಲ ಸರ್ಜನ್ನರು. ನಾಲ್ವರು ತಟ್ಟೆ ಕೆಳಗಿಟ್ಟರು. ಒಬ್ಬರು ಕೆಮ್ಮಿ ತೋರಿಸಿ ಎಂದರು, ಇನ್ನೊಬ್ಬರು ಎಲ್ಲಿ, ಒಂದು ಸಲ ನೋಡೋಣ ಎಂದರು. ವಾಸು ಸೌಟು ಹಿಡಿದು, “ಭಾವ, ಸಾಂಬಾರು ತಣಿತಾ ಉಂಟು. ನಿಮ್ಮ ಹೊಟ್ಟೆ ಆಮೇಲೆ ತೋರಿಸಿ ಮಾರಾಯ್ರೆ, ಅವರ ಹೊಟ್ಟೆ ಈಗ ತುಂಬ್ಲಿ” ಎಂದ.

ಊಟವಾದ ಮೇಲೆ ವೇದಿಕೆಯ ಹಿಂದಿನ ಕೋಣೆಯಲ್ಲಿ ಶ್ವೇತಾ ನನ್ನನ್ನು ಪರೀಕ್ಷಿಸಿದಳು. ಒಂದು ಬೆರಳಿನಿಂದ ಒತ್ತುತ್ತ ಹೋಗಿ ಸರಿಯಾದ ಜಾಗದಲ್ಲಿ ನಿಲ್ಲಿಸಿದಳು. “ನರ್ವ್ ಸಿಕ್ಕಿಕೊಂಡಿದೆ ಅಂಕಲ್. ಮೊದಲು ಇಂಜೆಕ್ಷನ್ ಸಾಕು. ಕಟ್ ಮಾಡೋದು ಇಲ್ಲ.” ಮುಂದಿನ ವಾರ ಅಹಮದಾಬಾದಿನಲ್ಲಿ ಅದನ್ನು ಚುಚ್ಚಿಸಿಕೊಂಡೆ. ಮೊದಲು ಒಂದು ಸಣ್ಣ ಉರಿ, ಆಮೇಲೆ ಏನೂ ಇಲ್ಲ.

ಸೂರತ್ತಿನಲ್ಲಿ ಅಂದು ಸಂಜೆ ಪದಕ ವಡೋದರಾದ ಹುಡುಗನಿಗೆ ಬಂತು, ಎರಡನೆಯ ಬಹುಮಾನ ಶ್ವೇತಾಳಿಗೆ. ಎಲ್ಲರಿಗಿಂತ ಜೋರಾಗಿ ಅವನಿಗೆ ಚಪ್ಪಾಳೆ ತಟ್ಟಿದವಳು ಅವಳೇ. “ಬೇಜಾರಾಯ್ತಾ ಮಗಾ?” ಎಂದು ಕೇಳಿದೆ. “ಸ್ವಲ್ಪ,” ಎಂದಳು. “ಆದ್ರೆ ಅವನು ಎಲ್ಲರ ಮನೆಗೆ ಹೋಗಿದ್ದ ಅಂಕಲ್. ನಾನು ಫೋನ್ ಮಾತ್ರ ಮಾಡಿದೆ.” ತಪ್ಪು ಅವಳದೇ ಎಂಬಂತೆ ಹೇಳಿದಳು. ನೀನು ಮನೆಗೆ ಬಂದಿದ್ದರೂ ಸೋಫಾದ ಹಿಂದೆಯೇ ನಿಲ್ಲುತ್ತಿದ್ದೆ ಎಂದು ಒಪ್ಪಿಕೊಂಡೆ.

ಆಮೇಲೆ ನನ್ನೆದುರಿಗೇ ಕಂಪ್ಯೂಟರ್ ತೆರೆದು, ಸಿಗಲಿಲ್ಲ ಎಂಬ ಸಾಲನ್ನು ಅಳಿಸಿ ನನ್ನನ್ನು ನೋವಿರುವವರ ಸಾಲಿಗೆ ಸೇರಿಸಿದಳು. ನಾನು ಕಚೇರಿಯ ಅಭ್ಯಾಸದಿಂದ ಬಗ್ಗಿ ಕೂಡಿ ನೋಡಿದೆ. ಮೊತ್ತ ಒಂದಿಷ್ಟೂ ಅಲುಗಾಡಿರಲಿಲ್ಲ. ಅವಳು ಮೊದಲೇ ನನ್ನನ್ನು ಅಲ್ಲಿಯೇ ಎಣಿಸಿಯಾಗಿತ್ತು. ಅಂದರೆ ನಾನು ವರ್ಷವಿಡೀ ಅಡಗಿ ಕುಳಿತಿದ್ದರಿಂದ ಅವಳ ಲೆಕ್ಕಕ್ಕೆ ಏನೂ ಆಗಿರಲಿಲ್ಲ. ನೋವು ತಿಂದವನು ಮಾತ್ರ ನಾನು.