ಫುಲ್ ಬ್ಯಾಕ್‌ನ ಮೊಣಕಾಲು ಮತ್ತು ನಾನು

ಮೊಣಕಾಲು ನೋಡುವ ಕೆಲಸದಲ್ಲಿ ನಗು ಬರುವಂಥದ್ದೇನಿದೆ ಎಂದು ಜನ ಕೇಳುತ್ತಾರೆ. ಕುವೈತಿನ ಸಾಲ್ಮಿಯಾದಲ್ಲಿರುವ ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಒಂದು ವಾರ ಕೂತರೆ ಗೊತ್ತಾಗುತ್ತದೆ. ಮಾಮೂಲಿ ದಿನಗಳಲ್ಲೇ ಏನಾದರೊಂದು ಎಡವಟ್ಟು ಆಗುತ್ತಿರುತ್ತದೆ. ಆಸ್ಟ್ರೇಲಿಯಾದ ಒಬ್ಬ ಆಟಗಾರ ಬಂದ ಮೇಲಂತೂ ಅದು ಖಾಯಂ ಆಯಿತು.

ಆತ ಮೆಲ್ಬರ್ನಿನಲ್ಲಿ ಹದಿನಾಲ್ಕು ವರ್ಷ ಸಂಬಳಕ್ಕೆ ಫುಟ್‌ಬಾಲ್ ಆಡಿದವನು. ನಾವು ನೀವು ನೋಡುವ ಫುಟ್‌ಬಾಲ್ ಅಲ್ಲ, ಅವರ ದೇಶದ್ದೇ ಬೇರೆ. ಚೆಂಡು ಮೊಟ್ಟೆಯಾಕಾರ. ಕಾಲಲ್ಲಿ ಒದೆಯಬಹುದು, ಕೈಯಲ್ಲಿ ಹಿಡಿಯಬಹುದು, ಬೇಕಿದ್ದರೆ ಎದುರಾಳಿಯ ಹೆಗಲೇರಿಯೂ ಹಿಡಿಯಬಹುದು. ಈಗ ಇಲ್ಲಿನ ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಆರೂವರೆ ಅಡಿ ಆಳು; ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು.

೧. ಹದಿನಾಲ್ಕು ವರ್ಷದ ಬೆನ್ನು

ನಮ್ಮ ರಿಸೆಪ್ಶನ್ನಿನಲ್ಲಿ ಮಂಗಳೂರು ಕಡೆಯ ಒಬ್ಬ ಹಿರಿಯ ಹೆಂಗಸು ಕೂರುತ್ತಾರೆ. ಮೊದಲ ದಿನ ಆತನ ಕೆಲಸ ಕೇಳಿದರು. "ಫುಟ್‌ಬಾಲ್ ಆಡ್ತಿದ್ದೆ" ಅಂದ. "ಎಲ್ಲಿ?" ಅಂದರು. ನೋವು ಎಲ್ಲಿ ಎಂದು ಅವರ ಪ್ರಶ್ನೆ. ಮೈದಾನದಲ್ಲಿ ಎಲ್ಲಿ ಆಡುತ್ತಿದ್ದೆ ಎಂದು ಅವನಿಗೆ ಕೇಳಿಸಿತು.

"ಫುಲ್ ಬ್ಯಾಕ್. ಹದಿನಾಲ್ಕು ವರ್ಷ."

ಚೀಟಿಯಲ್ಲಿ ಹಾಗೆಯೇ ಬರೆದು ಕಳಿಸಿದರು. ನಾನು ಪಾಪ ಅನಿಸಿ ಅವನನ್ನು ಬೋರಲು ಮಲಗಿಸಿದೆ. ಕುತ್ತಿಗೆಯಿಂದ ಸೊಂಟದವರೆಗೆ ಶಾಖ ಕೊಟ್ಟೆ, ಕರೆಂಟು ಕೊಟ್ಟೆ, ನನ್ನ ಹೆಬ್ಬೆರಳು ಸೋಲುವವರೆಗೆ ಒತ್ತಿದೆ. ಹೀಗೇ ಮುಕ್ಕಾಲು ಗಂಟೆ ಕಳೆಯಿತು. ಕೊನೆಗೆ ಆತ ಎದ್ದು ಕೂತು ಬಹಳ ವಿನಯದಿಂದ, "ತುಂಬಾ ಚೆನ್ನಾಗಿತ್ತು, ಡಾಕ್. ಈಗ ಮೊಣಕಾಲು ನೋಡೋಣವಾ?" ಅಂದ.

ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವವನಿಗೆ ಫುಲ್ ಬ್ಯಾಕ್ ಅನ್ನುತ್ತಾರಂತೆ. ಹೊರಗೆ ಬಂದು ರಿಸೆಪ್ಶನ್ನಿನವರನ್ನು ಕೇಳಿದೆ. ಅವರು ಸ್ವಲ್ಪವೂ ಬೇಜಾರು ಮಾಡಿಕೊಳ್ಳಲಿಲ್ಲ.

"ನಾನೆಂತ ಮಾಡುದು ಮಾರಾಯ್ರೇ? ಅಷ್ಟುದ್ದದ ಬೆನ್ನು ಇಟ್ಕೊಂಡವ 'ಫುಲ್ ಬ್ಯಾಕ್' ಅಂದ್ರೆ ಯಾರು ನಂಬುದಿಲ್ಲ?"

೨. ಎಷ್ಟಕ್ಕೆ?

ಪರಿಚಯ ಬೆಳೆದು ಒಂದು ಶುಕ್ರವಾರ ಮನೆಗೆ ಊಟಕ್ಕೆ ಕರೆದೆ. ನನ್ನ ಹೆಂಡತಿ ನಮ್ಮ ಮಗಳು ಓದುವ ಶಾಲೆಯಲ್ಲೇ ಗಣಿತದ ಟೀಚರ್. ಬಿಸಿಬೇಳೆಬಾತ್ ಬಡಿಸುತ್ತಾ, "ಹದಿನಾಲ್ಕು ವರ್ಷದಲ್ಲಿ ಎಷ್ಟು ಗೋಲು ಹೊಡೆದಿರಿ?" ಎಂದು ಕೇಳಿದಳು.

"ಎರಡು. ಅದರಲ್ಲಿ ಒಂದು ಗಾಳಿ ಹೊಡೆದದ್ದು."

ಅವಳ ಮುಖ ಸಪ್ಪಗಾದದ್ದು ಕಂಡು, "ಆದರೆ ಒಂದು ಮ್ಯಾಚಿನಲ್ಲಿ ಹನ್ನೆರಡು ಮಾರ್ಕ್ ತೆಗೆದಿದ್ದೆ" ಎಂದು ಎದೆಯುಬ್ಬಿಸಿದ.

"ಎಷ್ಟಕ್ಕೆ?" ಅಂದಳು ನನ್ನ ಹೆಂಡತಿ.

ದೂರದಿಂದ ಒದ್ದ ಚೆಂಡನ್ನು ನೆಲಕ್ಕೆ ಬೀಳದ ಹಾಗೆ ಹಿಡಿದರೆ ಅದಕ್ಕೆ ಮಾರ್ಕ್ ಎನ್ನುತ್ತಾರೆ ಎಂದು ಆತ ವಿವರಿಸಿದ. ಆಮೇಲೆ ನಾಲ್ಕು ಚಮಚ ನಿಲ್ಲಿಸಿ ಗೋಲು ಕಂಬ ತೋರಿಸಿದ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡು ಹೋದರೆ ಆರು ಪಾಯಿಂಟ್. ಸ್ವಲ್ಪ ಆಚೀಚೆ ಹೋದರೆ, ಇಲ್ಲವೇ ಕಂಬಕ್ಕೆ ಬಡಿದರೆ, ಒಂದು.

ಹೆಂಡತಿ ಸೌಟು ಕೆಳಗಿಟ್ಟಳು. "ತಪ್ಪಿದರೂ ಒಂದು ಕೊಡ್ತಾರಾ?"

"ಕೊಡ್ತಾರೆ."

ಅಲ್ಲಿಯವರೆಗೆ ಮೊಬೈಲಿನಿಂದ ತಲೆಯೆತ್ತದಿದ್ದ ಮಗಳು ಇಂಗ್ಲಿಷಿನಲ್ಲಿ ಬಾಯಿಬಿಟ್ಟಳು: "ಅಮ್ಮಾ, ನಮ್ಮ ಮ್ಯಾಥ್ಸ್ ಪೇಪರ್ ಇನ್ಮೇಲೆ ಅಂಕಲ್ಲೇ ತಿದ್ದಲಿ."

೩. ಖರ್ಬಾನ್

ಮಗಳಿಗೆ ತೋರಿಸಲು ಆತ ತನ್ನ ನೂರನೇ ಪಂದ್ಯದ ಚೆಂಡನ್ನು ಒಂದು ವಾರಕ್ಕೆ ನಮ್ಮಲ್ಲಿ ಬಿಟ್ಟುಹೋದ. ಜೊತೆಗಾರರೆಲ್ಲ ಸಹಿ ಮಾಡಿದ್ದ ಚೆಂಡು. ಮಗಳು ಅದನ್ನು ಬಾಲ್ಕನಿಯಿಂದ ಕೆಳಗೆ ಬೀಳಿಸಿದಳು. ನಾನು ಲಿಫ್ಟಿನಲ್ಲಿ ಇಳಿಯುವಷ್ಟರಲ್ಲಿ ಚೆಂಡೂ ಇಲ್ಲ, ಕಟ್ಟಡದ ಕಾವಲುಗಾರ ಹಾರಿಸ್ ಕೂಡ ಇಲ್ಲ.

ಅರ್ಧ ಗಂಟೆಯ ಮೇಲೆ ಹಾರಿಸ್ ಬಂದ. ಕೈಯಲ್ಲಿ ಹರಿದ ಚರ್ಮದ ತುಂಡು. ಎದ್ದು ಬಿದ್ದು ಓಡಿ ಸಹಾಯ ಮಾಡುವ ಮನುಷ್ಯ ಅವನು. ಚೆಂಡು ಮೇಲಿಂದ ಬಿದ್ದು ಚಪ್ಪಟೆಯಾಗಿ 'ಖರ್ಬಾನ್', ಅಂದರೆ ಇಲ್ಲಿನ ಅರಬಿಯಲ್ಲಿ ಕೆಟ್ಟುಹೋಗಿದೆ, ಎಂದುಕೊಂಡು, ಟಯರ್ ಅಂಗಡಿಗೆ ಒಯ್ದು, ದುಂಡಗಾಗಲಿ ಎಂದು ಗಾಳಿ ಹೊಡೆಸಿದ್ದನಂತೆ. ದುಂಡಗಾಗುವ ಮೊದಲೇ ಅದು ಢಮ್ ಎಂದಿತ್ತು.

ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ಐದನೇ ದಿನ ನಮ್ಮ ಆಟಗಾರನನ್ನು ಕರೆಸಿ, ಹಾರಿಸ್ ಎದುರಿಗೇ ವಿಷಯ ಹೇಳಿದೆ. ಆತ ಚರ್ಮದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. "ಸಹಿಗಳು ಇವೆಯಲ್ಲ, ಬಿಡಿ" ಅಂದ. ನನಗೆ ಕಣ್ಣಲ್ಲಿ ನೀರು.

ಹಾರಿಸ್ ಅವನ ಬೆನ್ನು ತಟ್ಟಿ ಸಮಾಧಾನ ಹೇಳಿದ: "ಭಾಯಿ, ಬೇಜಾರು ಬೇಡ. ನಾನು ನೋಡಿದಾಗಲೇ ಅದು ಖರ್ಬಾನ್. ಒಂದು ಕಡೆಯೂ ದುಂಡಗಿರಲಿಲ್ಲ!"

೪. ಎರಡು ಬೆರಳು

ನಮ್ಮ ಫುಲ್ ಬ್ಯಾಕ್‌ನ ಮೊಣಕಾಲು ಕೊನೆಗೂ ಆಪರೇಷನ್ನಿಗೆ ಬಂತು. ಅದಕ್ಕೆ ಮುಂಚೆ ಒಂದೇ ಒಂದು ಪಂದ್ಯ ಆಡುತ್ತೇನೆ ಎಂದು ಹಟ ಹಿಡಿದ. ಇಲ್ಲಿರುವ ಅವರ ದೇಶದವರೇ ಎರಡು ತಂಡ ಮಾಡಿಕೊಂಡಿದ್ದರು. "ಇನ್ನು ಜೀವನದಲ್ಲಿ ಆಡೋಕಾಗಲ್ಲ, ಡಾಕ್" ಅಂದಾಗ ಅವನ ದನಿ ಬೇರೆಯೇ ಆಗಿತ್ತು. ಪಟ್ಟಿ ಬಿಗಿದು, ನಾನೂ ಜೊತೆಗಿರುತ್ತೇನೆ ಎಂದು ಒಪ್ಪಿದೆ.

ಮೈದಾನಕ್ಕೆ ಹೋದರೆ ಒಂದು ಕಡೆಯ ಗೋಲ್ ಅಂಪೈರ್ ಬಂದಿರಲಿಲ್ಲ. ಆ ಕೆಲಸದವರು ಬಿಳಿ ಕೋಟು ಹಾಕುವ ಪದ್ಧತಿಯಂತೆ. ಕ್ಲಿನಿಕ್ಕಿನ ಬಿಳಿ ಕೋಟು ನನ್ನ ಮೈಮೇಲಿತ್ತು. ನನ್ನನ್ನೇ ನಿಲ್ಲಿಸಿದರು. ಕೆಲಸ ಸುಲಭ: ಗೋಲಾದರೆ ಎರಡೂ ಕೈಯ ತೋರುಬೆರಳು ಮುಂದೆ ಚಾಚಬೇಕು, ತಪ್ಪಿದರೆ ಒಂದೇ ಬೆರಳು. ಉಳಿದದ್ದನ್ನು ಆಚೆ ಕಡೆಯವನು ಬರೆದುಕೊಳ್ಳುತ್ತಾನೆ.

ಕೊನೆಯ ನಿಮಿಷ. ನಮ್ಮವನ ತಂಡ ಎರಡು ಪಾಯಿಂಟ್ ಮುಂದೆ. ಎದುರಾಳಿ ಒದ್ದ ಚೆಂಡು ನನ್ನ ಕಡೆ ಬಂತು. ಹಾರಬೇಡ ಎಂದು ನೂರು ಸಲ ಹೇಳಿದ್ದೆ, ನಮ್ಮವನು ಹಾರಿಯೇ ಬಿಟ್ಟ. ಚೆಂಡು ಕಂಬಕ್ಕೆ ಬಡಿಯಿತು, ಅವನ ತಲೆಯೂ ಬಡಿಯಿತು, ಮನುಷ್ಯ ದಢಾರನೆ ಬಿದ್ದ.

ನನಗೆ ಪಂದ್ಯ ಮರೆತೇಹೋಯಿತು. ಓಡಿ ಹೋಗಿ ಅವನ ಮುಖದೆದುರು ಎರಡೂ ತೋರುಬೆರಳು ಹಿಡಿದು ಕೂಗಿದೆ: "ಎಷ್ಟು ಬೆರಳು ಕಾಣ್ತಿವೆ? ಹೇಳು!"

ಆತ ಕಣ್ಣು ಬಿಟ್ಟ. ಬೆರಳು ನೋಡಿದ. ಮುಖ ಬಿಳಿಚಿತು. "ಗೋಲಾ? ಕಂಬಕ್ಕೆ ಬಡೀತಲ್ಲಯ್ಯಾ!"

ತಲೆ ಸರಿಯಿದೆ ಎಂದು ನನಗೆ ನೆಮ್ಮದಿಯಾಯಿತು. ಅಷ್ಟರಲ್ಲಿ ಆಟ ಮುಗಿದ ಸೈರನ್ ಕೂಗಿತ್ತು. ಆರು ಪಾಯಿಂಟ್ ಬಂತೆಂದು ಎದುರಾಳಿಗಳು ಕುಣಿಯುತ್ತಾ ಬಂದು ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು. ಅಲ್ಲಿಂದಲೇ ನಾನು ಕೈಮುಗಿದು ಕೂಗಿದೆ: "ಗೋಲಲ್ಲ! ತಲೆ ಪರೀಕ್ಷೆ! ತಲೆ ಪರೀಕ್ಷೆ!"

ಮುಖ್ಯ ಅಂಪೈರ್ ಬಂದು ವಿಚಾರಿಸಿ, ಒಂದೇ ಪಾಯಿಂಟ್ ಎಂದು ತೀರ್ಪು ಕೊಟ್ಟ. ನಮ್ಮವನ ತಂಡ ಒಂದು ಪಾಯಿಂಟಿನಿಂದ ಗೆದ್ದಿತು.

ನನ್ನನ್ನು ಎತ್ತಿಕೊಂಡವರು ಮಾತ್ರ ಕೆಳಗಿಳಿಸಲಿಲ್ಲ. ಆಟ ಮುಗಿಸಿದವರೆಲ್ಲ ಹತ್ತು ನಿಮಿಷ ಕೂರಲೇಬೇಕು ಎಂದು ನಾನೇ ಹಟಮಾಡಿ ತುಂಬಿಸಿಟ್ಟಿದ್ದ ಐಸ್ ನೀರಿನ ತೊಟ್ಟಿಯ ತನಕ ಮೆರವಣಿಗೆ ಮಾಡಿ, ಕೋಟಿನ ಸಮೇತ ಅದರೊಳಗೆ ಬಿಟ್ಟರು.

ಹಲ್ಲು ಕಟಕಟ ಎನ್ನುತ್ತಾ ಏಳಲು ಹೋದೆ. ಗೆದ್ದ ಫುಲ್ ಬ್ಯಾಕ್ ಕುಂಟುತ್ತಾ ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟು, ಪ್ರೀತಿಯಿಂದ ಮತ್ತೆ ಕೂರಿಸಿದ.

"ಇನ್ನೂ ಒಂಬತ್ತು ನಿಮಿಷ ಇದೆ, ಡಾಕ್."