ಖಾಸಗಿ ದೇವರು

ಬಾಗಿಲು ಹಾಕಿಕೊಳ್ಳುವ ಅಭ್ಯಾಸವಿಲ್ಲದ್ದೇ ದರ್ಜಿಗೆ ಮುಳುವಾಯಿತು. ಅವನ ತಾತ ನಡುಮನೆಯಲ್ಲಿ ಕೂರಿಸಿದ ದೇವರಿಗೆ ಬೀದಿಯವರೆಲ್ಲ ಬೆಳಿಗ್ಗೆ ಬಂದು ಕೈಮುಗಿದು ಹೋಗುತ್ತಿದ್ದರು. ಸುದ್ದಿ ಹೇಗೋ ಮುಜರಾಯಿ ಇಲಾಖೆಯ ಕಿವಿಗೆ ಬಿದ್ದು, ಇದು ಸಾರ್ವಜನಿಕ ದೇವಸ್ಥಾನವೋ ಖಾಸಗಿಯೋ ಎಂದು ನೋಡಲು ಅಧಿಕಾರಿಯೇ ಬಂದುಬಿಟ್ಟರು. ಸಾರ್ವಜನಿಕ ಎಂದಾದರೆ ನಡುಮನೆ ಇಲಾಖೆಯ ಪಾಲು. ದೇವರ ಎದುರಿಗೇ, ಕಿಟಕಿಯ ಬೆಳಕಿನಲ್ಲಿ ಇಟ್ಟುಕೊಂಡಿದ್ದ ಹೊಲಿಗೆ ಮಿಷನ್ನು ಬೀದಿಪಾಲು.

“ಅತ್ತೆ, ನೀನು ಅಡುಗೆಮನೆ ಬಿಟ್ಟು ಬರಬೇಡ. ಇದು ಕಾನೂನಿನ ಮಾತು,” ಎಂದು ಸೋದರತ್ತೆಯನ್ನು ಒಳಗೆ ಕಳಿಸಿ ದರ್ಜಿ ಅಂಗಿಯ ಗುಂಡಿ ಹಾಕಿಕೊಂಡ.

ಅಧಿಕಾರಿ ಕುರ್ಚಿ ಎಳೆದುಕೊಂಡು ಕೂತರು. “ನೋಡಪ್ಪ, ಜನ ತಮ್ಮ ಹಕ್ಕು ಅಂತ ಒಳಗೆ ಬಂದ್ರೆ ಸಾರ್ವಜನಿಕ. ಮನೆಯವರನ್ನ ಕೇಳ್ಕೊಂಡು ಬಂದ್ರೆ ಖಾಸಗಿ. ಅಷ್ಟೆ.”

“ಕೇಳದೆ ಒಂದು ನೊಣಾನೂ ಬರಲ್ಲ ಸಾರ್!”

ಅಷ್ಟರಲ್ಲಿ ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ನುಗ್ಗಿದರು. “ಸಾರ್, ನಾನು ಸಾಕ್ಷಿ! ಇವರ ಮನೆ ದೇವ್ರೇ ಇದು. ಮೂವತ್ತು ವರ್ಷದಿಂದ ಬರ್ತಿದೀನಿ, ಇವನು ಒಂದು ದಿನಾನೂ ಯಾಕೆ ಬಂದ್ರಿ ಅಂದಿಲ್ಲ!”

ಹಿಂದೆಯೇ ಬೇಕರಿಯವನು. “ನಾನಂತೂ ಇವನು ಮಲಗಿದ್ರೂ ಬಂದು ದೀಪ ಹಚ್ಚಿ ಹೋಗ್ತೀನಿ. ಅಷ್ಟು ಒಳ್ಳೆಯವನು ಸಾರ್.”

ಅಧಿಕಾರಿಯ ಪೆನ್ನು ಹೊಸದಾಗಿ ಎಣ್ಣೆ ಬಿಟ್ಟ ಮಿಷನ್ನಿನ ಹಾಗೆ ಓಡಿತು. ದರ್ಜಿ ಕಣ್ಣುಸನ್ನೆ ಮಾಡಿದ.

“ಕಣ್ಣಿಗೇನೋ ಬಿತ್ತೇನೋ?” ಎಂದು ಕೇಳಿ ಪೋಸ್ಟ್‌ಮಾಸ್ಟರ್ ನೇರ ದೇವರ ಕಡೆ ಹೆಜ್ಜೆ ಇಟ್ಟರು.

“ನಿಲ್ಲಿ! ಇದು ನಮ್ಮಪ್ಪ ಕೂರಿಸಿದ ದೇವ್ರು!” ಅತ್ತೆ ಸೌಟಿನ ಸಮೇತ ಬಂದಿದ್ದರು. “ದಿನಾ ಹಿತ್ತಿಲಲ್ಲಿ ನಿಂತು ‘ಒಳಗೆ ಹೋಗ್ಲಾ ಅಕ್ಕ’ ಅಂತ ನನ್ನ ಕೇಳೋರು, ಇವತ್ತು ಸಾಹೇಬ್ರನ್ನ ನೋಡಿ ಧೈರ್ಯ ಬಂತಾ?”

ಪೋಸ್ಟ್‌ಮಾಸ್ಟರ್ ಇಟ್ಟ ಹೆಜ್ಜೆಯನ್ನು ಹಾಗೇ ಹಿಂದಕ್ಕೆ ತೆಗೆದರು. “ತಪ್ಪಾಯ್ತು ಅಕ್ಕ. ಹೋಗ್ಲಾ?”

ಬೇಕರಿಯವನು ತಲೆ ಕೆರೆದುಕೊಂಡ. “ನಾನೂ ಅಮ್ಮನ್ನ ಕೇಳೇ ಬರೋದು ಸಾರ್. ಒಂದ್ಸಲ ಬೇಡ ಅಂದ್ರು, ಸುಮ್ನೆ ವಾಪಸ್ ಹೋದೆ.”

ಅಧಿಕಾರಿ ಬರೆದದ್ದನ್ನೆಲ್ಲ ಹೊಡೆದುಹಾಕಿದರು. “ಬೇಡ ಅನ್ನೋ ಅಧಿಕಾರ ಇದೆ ಅಂದ್ಮೇಲೆ ಮುಗೀತು. ಖಾಸಗಿ!”

ಬಾಗಿಲಲ್ಲಿ ನೆರೆದವರು ಚಪ್ಪಾಳೆ ತಟ್ಟಿದರು. ಗೆದ್ದ ದರ್ಜಿ ಎಲ್ಲರ ಕೈ ಕುಲುಕಿದ; ಗೋಡೆಗೆ ಕೈಯಿದ್ದರೆ ಅದನ್ನೂ ಕುಲುಕುತ್ತಿದ್ದ.

“ಇನ್ನೊಂದು ಸಾಲಿದೆ,” ಎಂದು ಅಧಿಕಾರಿ ಓದಿದರು. “‘ದೇವರನ್ನು ಸ್ಥಾಪಿಸಿದವರ ಮಗಳು ಇವರು, ಅಪ್ಪಣೆ ಕೊಡುವವರೂ ಇವರೇ; ಆದ್ದರಿಂದ ದೇವರ, ನಡುಮನೆಯ ಉಸ್ತುವಾರಿ ಇವರದು.’ ಸಹಿ ಹಾಕಿ ಅಮ್ಮ.”

ಅತ್ತೆ ಒಂದೊಂದೇ ಅಕ್ಷರ ತಿದ್ದಿ ಸಹಿ ಹಾಕಿದರು. ನಡುಮನೆಯನ್ನೊಮ್ಮೆ ಕಣ್ತುಂಬ ನೋಡಿದರು.

“ಹತ್ತು ವರ್ಷದಿಂದ ನಮ್ಮಪ್ಪನ ದೇವ್ರು ಆ ಮಿಷನ್ ಮುಖ ನೋಡ್ಕೊಂಡು ಕೂತಿದಾನೆ. ಎತ್ರಪ್ಪ ಆಚೆಗೆ.”

ಪೋಸ್ಟ್‌ಮಾಸ್ಟರ್ ಒಂದು ಕಡೆ, ಬೇಕರಿಯವನು ಇನ್ನೊಂದು ಕಡೆ ಹಿಡಿದು, ಜಯಕಾರದ ನಡುವೆ ಮಿಷನ್ನನ್ನು ಬೀದಿಗಿಳಿಸಿದರು. ದರ್ಜಿ ಸ್ಟೂಲು ಹೊತ್ತು ಹಿಂದೆ ನಡೆದ.

“ನೆರಳಿರೋ ಕಡೆ ಇಡೋಣ ಕಣಯ್ಯ,” ಎಂದ ಬೇಕರಿಯವನು. “ಗೆದ್ದಿದೀಯ!”