ಟೈಗರ್ ನಾತ, ಮೇಷ್ಟ್ರ ಅತ್ತರು

ಹೊಂಗನೂರಿನ ಯೋಗಾನಂದ ಮೇಷ್ಟ್ರ ಮಾತನ್ನು ಮನೆಯಲ್ಲಿ ಕೊನೆಯತನಕ ಕೇಳಿಸಿಕೊಳ್ಳುತ್ತಿದ್ದ ಏಕೈಕ ಪ್ರಾಣಿಯೆಂದರೆ ಅವರ ನಾಯಿ ಟೈಗರ್. (ಕಟ್ಟಿಹಾಕಿದ್ದರಿಂದ ಅದಕ್ಕೆ ಬೇರೆ ದಾರಿಯಿರಲಿಲ್ಲ.) ಅಂಥ ಟೈಗರ್ ಇತ್ತೀಚೆಗೆ ನಾರತೊಡಗಿತ್ತು. ಬರೀ ನಾಯಿ ವಾಸನೆಯಲ್ಲ, ಹಳಸಿದ ದೋಸೆ ಹಿಟ್ಟಿನ ಮುಚ್ಚಳ ತೆಗೆದಂತಹ ಹುಳಿ ನಾತ.

"ಒಸಿ ಪಶು ಆಸ್ಪತ್ರೆಗೆ ತೋರ್ಸ್ಕೊಂಡ್ ಬನ್ನಿ. ತಲೆ ಬೇರೆ ಒದರ್ತಾ ಐತೆ" ಎಂದಳು ಹೆಂಡತಿ ಸುಚಿತ್ರಾ.

"ಕೊಳೆಗೆ ಯಾಕೆ ಡಾಕ್ಟ್ರು? ನೀರು ಸಾಕು" ಎಂದರು ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರು ನಾಯಿಯ ನಾತಕ್ಕೆ ಇನ್ನೊಬ್ಬರ ಅಭಿಪ್ರಾಯ ಕೇಳುವುದುಂಟೆ?

ಟೈಗರ್‌ಗೆ ಮಹಾಮಜ್ಜನ ಶುರುವಾಯಿತು. ಸೀಗೆಪುಡಿ, ಬೇವಿನ ಕಷಾಯ, ಕೊನೆಗೆ ಸುಚಿತ್ರಾಳ ಶಾಂಪೂ. ನೆತ್ತಿಯ ಮೇಲೆ ಬಿಂದಿಗೆಗಟ್ಟಲೆ ನೀರು. ಮಜ್ಜನ ಹೆಚ್ಚಿದಂತೆಲ್ಲ ನಾತವೂ ಹೆಚ್ಚಿತು. ಸೋಲೊಪ್ಪದ ಮೇಷ್ಟ್ರು ಚನ್ನಪಟ್ಟಣದ ಶುಕೂರ್ ಅಂಗಡಿಗೆ ಹೋಗಿ, ಇದ್ದುದರಲ್ಲೇ ಗಾಢವಾದ ಅತ್ತರು ಕೇಳಿದರು.

"ಯಾರ್ದು ಮೇಷ್ಟ್ರೇ ಮದ್ವೆ?"

ನಾಯಿಗೆ ಎನ್ನಲು ನಾಲಿಗೆ ಹೊರಳಲಿಲ್ಲ. "ನಂಗೇ ಬೇಕಿತ್ತು" ಎಂದರು. ಶುಕೂರ್ ಅವರನ್ನು ಮೇಲಿಂದ ಕೆಳಗೆ ನೋಡಿ, ಇನ್ನೇನೂ ಕೇಳದೆ ಕಟ್ಟಿಕೊಟ್ಟ.

ಮನೆಗೆ ಬಂದು ಶೀಸೆಯ ಮುಚ್ಚಳ ತೆಗೆದು ಬಗ್ಗಿದ್ದೇ ತಡ, ಟೈಗರ್ ರಪರಪನೆ ತಲೆ ಒದರಿತು. ಶೀಸೆ ಮೇಷ್ಟ್ರ ಎದೆಯ ಮೇಲೆ ಬೋರಲಾಯಿತು.

ಸುಚಿತ್ರಾ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತಳು. "ಅಲ್ಲೇ ನಿಂತ್ಕಳಿ. ಒಳಗೆ ಸಾಕಿರೋ ರೇಷ್ಮೆ ಹುಳ ಇನ್ನೊಂದ್ ವಾರಕ್ಕೆ ಗೂಡು ಕಟ್ಟೋವು. ಈ ಘಾಟಿಗೆ ಸೊಪ್ಪು ಮುಟ್ಟಲ್ಲ, ಬೆಳೆಯೆಲ್ಲ ಹಾಳಾಯ್ತದೆ." ನಾಯಿಯನ್ನೂ ಗಂಡನನ್ನೂ ಹೊರಗಿನಿಂದ ಹೊರಗೇ ಆಟೋ ಹತ್ತಿಸಿ, ತಾನೂ ಹತ್ತಿದಳು.

ಪಶುವೈದ್ಯೆ ಸುಮನಾ ನಾಯಿಯ ಕಿವಿ ಮಡಿಸಿ ನೋಡಿದರು. "ಕಿವಿಗೆ ಸೋಂಕು. ಹುಳಿ ನಾತ ಬರ್ತಿರೋದು ಇಲ್ಲಿಂದಾನೇ. ನೀರು ಹೋಗಿ ಇನ್ನೂ ಜಾಸ್ತಿಯಾಗಿದೆ. ಇಷ್ಟೊಂದು ಸ್ನಾನ ಮಾಡಿಸಿದ್ದು ಯಾರು?"

ಮೇಷ್ಟ್ರು ಗೋಡೆಯ ಮೇಲಿನ ಎಮ್ಮೆಯ ಚಿತ್ರವನ್ನು ಅತ್ಯಾಸಕ್ತಿಯಿಂದ ನೋಡತೊಡಗಿದರು.

ಕಿವಿ ಒರೆಸಿ ಔಷಧಿ ಹಾಕಿದ ಡಾಕ್ಟರು ಮೂಗೆಳೆದುಕೊಂಡರು. "ಇನ್ನೊಂದು ವಾಸನೆ ಇದೆಯಲ್ಲ?"

"ಅದು ನಮ್ ಯಜಮಾನ್ರುದು" ಎಂದಳು ಸುಚಿತ್ರಾ. "ಅದ್ಕೂ ಏನಾದ್ರೂ ಬರ್ಕೊಡ್ತೀರಾ?"

ದಿನಾ ಕಿವಿಗೆ ಔಷಧಿ ಹಾಕಿದಂತೆ ಟೈಗರ್ ಗುಣವಾಯಿತು. ಮೇಷ್ಟ್ರು ಮಾತ್ರ ಎಷ್ಟು ಉಜ್ಜಿ ಮಿಂದರೂ ಮದುವೆ ಚಪ್ಪರದಂತೆ ಘಮಘಮಿಸುತ್ತಿದ್ದರು. ಹುಳು ಗೂಡು ಕಟ್ಟುವತನಕ ಜಗುಲಿಯಲ್ಲೇ ಊಟ, ಜಗುಲಿಯಲ್ಲೇ ನಿದ್ದೆ.

"ನೀನಾದ್ರೂ ಬಾರೋ, ಜೊತೆಗೆ" ಎಂದು ಚಾಪೆ ತಟ್ಟಿ ಕರೆದರು.

ಟೈಗರ್ ಹೊಸ್ತಿಲ ತನಕ ಬಂದು, ಗಾಳಿ ಮೂಸಿ, ದೊಡ್ಡದಾಗಿ ಸೀನಿ ಒಳಗೆ ಹೋಯಿತು.